ಮುರುಕು ಮಂಚ ಯಾರಿಗೆ?

ಗುಡಿಸಲು ಕಿತ್ತ ಮರುದಿನ ಪಟ್ಟಣದ ದೊಡ್ಡ ಮನೆಗಳ ಅಟ್ಟ ಖಾಲಿಯಾಗುತ್ತೆ. ಕಾಲಿಲ್ಲದ ಕುರ್ಚಿ, ಹತ್ತಿ ಹೊರಬಿದ್ದ ಹಾಸಿಗೆ, ಬಾಗಿಲಿಲ್ಲದ ಬೀರು ಎಲ್ಲಾ ಲಗೇಜ್ ಆಟೋ ಹತ್ತಿ, 'ಪಾಪ, ನಿರಾಶ್ರಿತರಿಗೆ' ಅಂತ ಹೊರಡುತ್ತವೆ. ಕೊಟ್ಟವರ ಮನೆ ಚೊಕ್ಕಟ, ಮನಸ್ಸೂ ಹಗುರ. ಇಳಿಸಿಕೊಂಡವರ ಮುಂದೆ ಇನ್ನೊಂದು ಕಸದ ಗುಡ್ಡೆ.

ಹಾಸ್ಟೆಲಿನ ಗೆಳೆಯರೇ, ಇಂಥ ಹೊತ್ತಲ್ಲಿ ನೀವೂ ಸಾಮಾನು ಕೂಡಿಸಲು ಹೊರಡುತ್ತೀರಿ. ಹೊರಡಲೇಬೇಕು. ಆದರೆ ಒಂದು ಮಾತು ತಿಳಿದಿರಲಿ. ಸೇವೆ ಮಾಡುವ ಶೂದ್ರನಿಗೆ ಏನು ಕೊಡಬೇಕು ಅಂತ ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ಪಟ್ಟಿಯೇ ಇದೆ: ಎಂಜಲು ಅನ್ನ, ಹಳೇ ಬಟ್ಟೆ, ಜೊಳ್ಳು ಕಾಳು, ಮನೆಯ ಹಳೇ ಸಾಮಾನು. ಚಂಡಾಲನಿಗೆ ಅದೂ ಇಲ್ಲ. ಹೆಣದ ಬಟ್ಟೆ, ಒಡೆದ ಮಡಕೆ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಸುಟ್ಟದ್ದು ಈ ಪುಸ್ತಕವನ್ನೇ. ಪುಸ್ತಕ ಸುಟ್ಟರೂ ಪಟ್ಟಿ ಮಾತ್ರ ನಡೀತಾನೇ ಇದೆ.

ಹಾಗಂತ ಹಳೇದೆಲ್ಲ ಹೀನ ಅಲ್ಲ. ನಮ್ಮ ಕೇರಿಯಲ್ಲಿ ಅಣ್ಣನ ಪುಸ್ತಕ ತಮ್ಮನಿಗೆ, ಒಂದು ಮನೆಯ ತೊಟ್ಟಿಲು ಹತ್ತು ಮನೆಗೆ. ಅದನ್ನು ಯಾರೂ ದಾನ ಅನ್ನಲ್ಲ. ಅದು ಪಾಲು. ದಾನ ಮೇಲಿಂದ ಬೀಳುತ್ತೆ, ಪಾಲು ಪಕ್ಕದಿಂದ ಬರುತ್ತೆ.

2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರಕ್ಕೆ ಬುಲ್ಡೋಜರ್ ಬಂತು. ಬಡವರಿಗೆ ಅಂತ ಕಟ್ಟಿದ ವಸತಿ ಕುಸಿದ ಮೇಲೆ ತಗಡಿನ ಶೆಡ್ಡುಗಳಲ್ಲಿ ಇದ್ದವರು, ಸಾವಿರಕ್ಕೂ ಹೆಚ್ಚು ಕುಟುಂಬ, ಹೆಚ್ಚಿನವರು ದಲಿತರು. ಅವರ ಜಾಗದಲ್ಲಿ ಮಾಲ್ ಬರಬೇಕಿತ್ತು. ಪಾತ್ರೆ ಪಗಡ, ಮಕ್ಕಳ ಪುಸ್ತಕ ಎಲ್ಲಾ ಫುಟ್‌ಪಾತಿಗೆ ಬಿತ್ತು. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿ. ತೋಟದ ಲೈನ್‌ಮನೆಗಳ ಜೀತ ಬೇಡ ಅಂತ ಗುಡಿಸಲು ಹಾಕಿಕೊಂಡಿದ್ದ ಆದಿವಾಸಿಗಳನ್ನು ಅರಣ್ಯ ಇಲಾಖೆ ಎಬ್ಬಿಸಿತು. ಅವರು ಅಲ್ಲೇ ಕೂತು ಹೋರಾಡಿದರು. ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನಿವೇಶನ ಸಿಕ್ಕಿದ್ದು ಯಾರದೋ ಕರುಣೆಯಿಂದಲ್ಲ.

2013ರ ಭೂಸ್ವಾಧೀನ ಕಾಯ್ದೆ ಓದಿ. ನೆಲೆ ತಪ್ಪಿದ ಕುಟುಂಬಕ್ಕೆ ಸಾಮಾನು, ದನಕರು ಸಾಗಿಸಲೆಂದೇ 50,000 ರೂಪಾಯಿ ಬರೆದಿದ್ದಾರೆ. ಆದರೆ ಸರ್ಕಾರಿ ಜಾಗದ ಗುಡಿಸಲಿನವನಿಗೆ 'ನಿನ್ನ ಭೂಮಿ ಎಲ್ಲಿತ್ತಪ್ಪ ಸ್ವಾಧೀನಕ್ಕೆ?' ಅಂತಾರೆ. ಭೂಮಿ ಇಲ್ಲದ್ದೇ ಅವನ ಅಪರಾಧ! ಈ ತೂತಿಗೆ ನಮ್ಮ ಹಳೇ ಮಂಚ ತೇಪೆಯಾಗಬಾರದು. ನೀವು ಹೊತ್ತು ತಂದ ಮಂಚದ ಪಕ್ಕ ನಿಂತು ಸಾಹೇಬರು ಫೋಟೋ ತೆಗೆಸಿಕೊಂಡು 'ಪುನರ್ವಸತಿ ಆಯ್ತು' ಅಂದರೆ, ಅಲ್ಲೇ ತಡೆದು ಕೇಳಿ: ಹಕ್ಕುಪತ್ರ ಎಲ್ಲಿ ಸ್ವಾಮಿ?

ಕುರ್ಚಿ ಸಣ್ಣ ವಸ್ತುವೇನಲ್ಲ. 2019ರಲ್ಲಿ ಉತ್ತರಾಖಂಡದ ತೆಹ್ರಿ ಕಡೆ ಮದುವೆಯೊಂದರಲ್ಲಿ ಹೊಡೆತ ತಿಂದು ದಲಿತ ಯುವಕನೊಬ್ಬ ತೀರಿಕೊಂಡ. ಮೇಲ್ಜಾತಿಯವರ ಎದುರು ಕುರ್ಚಿಯ ಮೇಲೆ ಕೂತು ಉಂಡನೆಂಬುದೇ ಸಿಟ್ಟಿಗೆ ಕಾರಣ ಅಂತ ಮನೆಯವರು ದೂರು ಕೊಟ್ಟರು. ಆದ್ದರಿಂದ ನಮ್ಮವರ ಮನೆಗೆ ಹೋಗುವ ಕುರ್ಚಿಗೆ ನಾಲ್ಕು ಕಾಲೂ ನೆಟ್ಟಗಿರಲಿ.

ಮೊದಲು ಹೋಗಿ ಕೇಳಿ, ಆಮೇಲೆ ಕೂಡಿಸಿ. ಹತ್ತಡಿ ಶೆಡ್ಡಿಗೆ ಸೋಫಾ ಯಾಕೆ? ಬಾಣಂತಿಗೆ, ಮುದುಕರಿಗೆ ಮಂಚ ಬೇಕು. ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು ಇಡಲು ಬೀಗ ಹಾಕುವ ಟ್ರಂಕು ಬೇಕು. ಈ ಕಾಗದ ಕಳೆದರೆ ನಾಳೆ 'ನೀನ್ಯಾರು' ಅಂತಾರೆ. ಓದುವ ಹುಡುಗಿಗೆ ಮೇಜು ಬೇಕು, ಇದನ್ನು ಎಲ್ಲರೂ ಮರೀತಾರೆ. ಮಂಚದ ಸಂದಿಗೆ ಕುದಿಯುವ ನೀರು ಹಾಕಿ ಬಿಸಿಲಿಗೆ ಒಣಗಿಸಿ. ಹಾಸ್ಟೆಲಿನ ತಿಗಣೆ ನಮಗೆ ಸಾಕು, ಅವರಿಗೂ ಯಾಕೆ? ನಿಮ್ಮ ಕೋಣೆಯಲ್ಲಿ ಇಟ್ಟುಕೊಳ್ಳಲು ನಾಚುವಂಥದ್ದನ್ನು ಗಾಡಿ ಹತ್ತಿಸಬೇಡಿ, ಕೊಟ್ಟವರು ಎಷ್ಟೇ ದೊಡ್ಡವರಾಗಿರಲಿ.

ಇನ್ನು ಹಾಸ್ಟೆಲ್ ಹಿಂದೆ ರಾಶಿ ಬಿದ್ದು ತುಕ್ಕು ಹಿಡಿಯುವ ಕಬ್ಬಿಣದ ಮಂಚಗಳು. ಅವು ಸರ್ಕಾರಿ ಆಸ್ತಿ. ರಾತ್ರೋರಾತ್ರಿ ಹೊತ್ತು ತಂದರೆ ಕೇಸು ನಿಮ್ಮ ಮೇಲೆ, ವಾರ್ಡನ್ ಮೇಲೆ. ಇಲ್ಲದಿದ್ದರೆ ಇಲಾಖೆ ಅವನ್ನು ಕಂಡಮ್ ಮಾಡಿ ಗುಜರಿಯವನಿಗೆ ಹರಾಜು ಹಾಕುತ್ತೆ. ಬೆಸುಗೆ ಹಾಕಿದರೆ ಇನ್ನೂ ಹತ್ತು ವರ್ಷ ಬಾಳುವಂಥವನ್ನು ಎಣಿಸಿ, ಎಲ್ಲರೂ ಸಹಿ ಹಾಕಿ, ಸಮಾಜ ಕಲ್ಯಾಣ ಇಲಾಖೆಯ ಜಿಲ್ಲಾ ಅಧಿಕಾರಿಗೆ ಮನವಿ ಕೊಡಿ. ಅದರ ಜೊತೆಗೇ ಎತ್ತಂಗಡಿಯಾದವರ ಹಕ್ಕುಪತ್ರದ ಅರ್ಜಿಯೂ ಇರಲಿ, ಎರಡಕ್ಕೂ ಸ್ವೀಕೃತಿ ಪಡೆದೇ ಕಚೇರಿಯಿಂದ ಹೊರಗೆ ಬನ್ನಿ.