ಮೇಲಿನ ನೀರಲ್ಲ, ಗೋಡು ಪರೀಕ್ಷೆ ಮಾಡ್ಲಿ!

ರೈತ ಬಾಂಧವರೇ, 2018ರಿಂದ ನಮ್ಮ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು ಬರ್ತಿದೆ. ಎರಡನೇ ಹಂತದವರೆಗೆ ಶುದ್ಧಿ ಮಾಡಿದ ಬೆಂಗಳೂರಿನ ಕೊಳಚೆ ನೀರು ಅದು. ಬೋರ್‌ವೆಲ್‌ಗೆ ಜೀವ ಬಂತು, ಇಲ್ಲ ಅನ್ನಲ್ಲ. ಆದರೆ ಪರೀಕ್ಷೆಗೆ ಬಂದೋರು ಮೇಲಿನ ನೀರನ್ನ ಬಾಟ್ಲಿಗೆ ತುಂಬ್ಕೊಂಡು ಹೋಗ್ತಾರೆ. ನಾವು ಹೊಲಕ್ಕೆ ಹೊಡೆಸೋದು ತಳದ ಗೋಡು! ನೀರಲ್ಲಿ ನೀರಿಗೆ ಬೆರೆಯದ ಎಣ್ಣೆ, ಕೀಟನಾಶಕ ಇದ್ರೆ ಹೋಗಿ ಕೂರೋದು ಅಲ್ಲೇ.

ಮಣ್ಣಿಗೆ ಅಂಟಿದ್ದು ಬೇರೆ, ಮಣ್ಣಿನ ಕಣಗಳ ಸಂದಿ ನೀರಲ್ಲಿ ಕರಗಿದ್ದು ಬೇರೆ. ಬೇರು ಹೀರೋದು, ಎರೆಹುಳಕ್ಕೆ ತಟ್ಟೋದು ಹೆಚ್ಚಾಗಿ ಕರಗಿದ್ದೇ. ಅಳೆಯೋಕೆ ದಾರಿ ಇದೆ: ತೆಳು ಪಾಲಿಥೀನ್ ಹಾಳೆ ಕೆಲವು ವಾರ ಗೋಡಿನೊಳಗೆ ಹೂತಿಟ್ಟರೆ ಕರಗಿದ ವಿಷ ಅದಕ್ಕೆ ಹಿಡಿಯುತ್ತೆ, ಲ್ಯಾಬಲ್ಲಿ ಲೆಕ್ಕ ಸಿಗುತ್ತೆ.

ಆ ಲೆಕ್ಕ ತೋರಿಸದೆ ‘ಏನೂ ಆಗಲ್ಲ’ ಅಂದ್ರೆ ಒಪ್ಪಬೇಡಿ. ಗ್ರಾಮಸಭೆಯಲ್ಲಿ ಕೇಳೋಣ, ಬನ್ನಿ.