ಮಗುವಿನ ಪಾಲು

ಸಂಬಳದಾರನ ಸಾಲಕ್ಕೆ ಕೋರ್ಟು ಜಪ್ತಿ ಮಾಡಿದರೆ ಮೊದಲ 1000 ರೂಪಾಯಿ, ಉಳಿದದ್ದರ ಮೂರರಲ್ಲಿ ಎರಡು ಪಾಲು ಅವನಿಗೇ ಉಳೀತದೆ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಉಳಿಯೋದು ಮೂರರಲ್ಲಿ ಒಂದೇ ಪಾಲು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಹೀಗನ್ನುತ್ತದೆ. ಸಾಹುಕಾರನ ಬಡ್ಡಿಗಿಂತ ಮಗುವಿನ ಹಸಿವು ದೊಡ್ಡದೆಂದು ಕಾನೂನೇ ಒಪ್ಪಿದೆ.

ಆದರೆ ಕೂಲಿಯವನ ಕೂಲಿಯನ್ನು ಅದೇ ಕಲಮು ಮುಟ್ಟಗೊಡುವುದಿಲ್ಲ. ಸಾಹುಕಾರನಿಂದ ಅವನನ್ನು ಕಾಯೋ ಬೇಲಿ ಅದು, ಬೇಕೇ ಬೇಕು. ಮಕ್ಕಳನ್ನು ಬಿಟ್ಟುಹೋದ ಅಪ್ಪನೂ ಅದೇ ಬೇಲಿಯ ಹಿಂದೆ ಅಡಗ್ತಾನೆ. ಕೇರಿಯ ಅವ್ವ ಒಬ್ಬಳೇ ಮುದ್ದೆ ಹೊಂದಿಸ್ತಾಳೆ. ಅವಳಿಗೆ ಹೇಳಿ: ಮ್ಯಾಜಿಸ್ಟ್ರೇಟರ ಆದೇಶವಿದ್ದರೆ ಬಾಕಿಗೆ ಜೈಲೂ ಉಂಟು, ಅರ್ಜಿ ಮಾತ್ರ ವರ್ಷದೊಳಗೆ ಹಾಕಬೇಕು.

ನಾಳೆ ನಮಗೂ ಸಂಬಳ ಬರ್ತದೆ. ಸಭೆಯಲ್ಲಿ ಸಮಾನತೆ ಅಂತ ಕೂಗುವ ನಾವು, ನಮ್ಮ ಮಗುವಿನ ಪಾಲು ಕೊಡೋದಕ್ಕೆ ಜಡ್ಜೇ ಹೇಳಬೇಕಾ?