ಸೂರಿನಡಿಯ ಪಾಠ

ಕೀಟವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಸೊಳ್ಳೆ, ಜಿರಲೆ, ತಿಗಣೆಗಳು. ಕಂಡೊಡನೆ ಹೊಸಕಿಹಾಕಬೇಕೆಂಬ ಭಾವನೆ ಎಳೆಯ ವಯಸ್ಸಿನಲ್ಲಿಯೇ ಬೇರೂರಿಬಿಡುತ್ತದೆ. ಶಾಲೆಗೆ ಬಂದ ಮೇಲೆ ಅದೇ ಕೀಟವು ಗೋಡೆಯ ಪಟದಲ್ಲಿ ತಲೆ, ಎದೆ, ಹೊಟ್ಟೆಗಳೆಂಬ ಮೂರು ಭಾಗಗಳಾಗಿ ಮಕ್ಕಳೆದುರು ನಿಲ್ಲುತ್ತದೆ. ಭಾಗಗಳನ್ನು ಗುರುತಿಸಿದವರಿಗೆ ಅಂಕಗಳೂ ದೊರೆಯುತ್ತವೆ. ಆದರೆ ಆ ಜೀವಿ ಎಲ್ಲಿ ವಾಸಿಸುತ್ತದೆ, ಆಹಾರವನ್ನು ಹೇಗೆ ಸಂಪಾದಿಸುತ್ತದೆ ಎಂದು ಕೇಳಿದರೆ ತರಗತಿಯೆಲ್ಲ ಮೌನ. ಕೀಟಗಳ ಪಾಠ ಕೀಟಗಳಿರುವ ಎಡೆಯಲ್ಲಿಯೇ ನಡೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅದಕ್ಕಾಗಿ ದೂರದ ಕಾಡಿಗೆ ಹೋಗಬೇಕಾಗಿಲ್ಲ. ಹಳೆಯ ಶಾಲಾ ಕಟ್ಟಡಗಳ ಸೂರಿನ ಕೆಳಗೆ, ಮಳೆಯ ಹನಿ ತಾಗದ ಒಣ ಧೂಳಿನಲ್ಲಿ, ಆಲಿಕೆಯ ಆಕಾರದ ಪುಟ್ಟ ಕುಳಿಗಳನ್ನು ನೀವು ಕಂಡಿರಬಹುದು. ಪ್ರತಿಯೊಂದು ಕುಳಿಯ ತಳದಲ್ಲಿಯೂ ಒಂದು ಮರಿಹುಳು ಮೈಯನ್ನು ಧೂಳಿನಲ್ಲಿ ಹುದುಗಿಸಿಕೊಂಡು ಕಾದಿರುತ್ತದೆ. ಊರೂರಿಗೂ ಇದಕ್ಕೆ ಬೇರೆ ಬೇರೆ ಹೆಸರುಗಳುಂಟು. ವಿಜ್ಞಾನಿಗಳು ಇದನ್ನು 'ಇರುವೆ ಸಿಂಹ'ವೆಂದು ಕರೆದಿದ್ದಾರೆ. ಹಿಮ್ಮುಖವಾಗಿ ಸುತ್ತು ಸುತ್ತಿ ಚಲಿಸುತ್ತ, ಚಪ್ಪಟೆಯಾದ ತಲೆಯಿಂದ ಮಣ್ಣನ್ನು ಹೊರಕ್ಕೆ ಚಿಮ್ಮುತ್ತ ಅದು ಈ ಕುಳಿಯನ್ನು ತೋಡುತ್ತದೆ. ಕುಳಿಯ ಗೋಡೆ ಎಷ್ಟು ಕಡಿದಾಗಿರುತ್ತದೆಂದರೆ, ಅಂಚಿನಲ್ಲಿ ಕಾಲಿಟ್ಟ ಇರುವೆ ಮಣ್ಣಿನೊಡನೆ ಜಾರಿ ಕೆಳಗಿಳಿಯುತ್ತದೆ. ಹತ್ತಲು ಹೆಣಗಿದರೆ ತಳದಿಂದ ಧೂಳಿನ ಮಳೆ! ಕುಡುಗೋಲಿನಂತಹ ದವಡೆಗಳಿಗೆ ಸಿಕ್ಕ ಇರುವೆಯ ರಸವನ್ನು ಹೀರಿದ ಮೇಲೆ ಬರಿಯ ಸಿಪ್ಪೆಯನ್ನು ಹೊರಗೆಸೆಯಲಾಗುತ್ತದೆ. ಮುಂದೆ ಈ ಹುಳು ಮರಳು ಮೆತ್ತಿದ ರೇಷ್ಮೆಯ ಗೂಡು ಕಟ್ಟಿ, ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ನಾಲ್ಕು ರೆಕ್ಕೆಗಳ ಕೀಟವಾಗಿ ಹೊರಬರುತ್ತದೆ.

ಇದನ್ನು ನಾನು ಬರೆದು ತಿಳಿಸಿದರೆ ಅರ್ಧ ಮಾತ್ರ ತಿಳಿದೀತು. ಹುಲ್ಲಿನ ಎಸಳಿನಿಂದ ಕುಳಿಯ ಅಂಚನ್ನು ಮೆಲ್ಲನೆ ಕೆದಕಿ ನೋಡಿದ ಬಾಲಕನು ತಾನೇ ಕೇಳುತ್ತಾನೆ: ಹುಳುವಿಗೆ ಇರುವೆಗೂ ಹುಲ್ಲಿಗೂ ಇರುವ ಭೇದ ತಿಳಿಯುವುದೆ? ಧೂಳು ನೆನೆದರೆ ಅದು ಏನು ಮಾಡೀತು? ಸತ್ತ ಹುಳುವನ್ನು ಗುಂಡುಸೂಜಿಯಿಂದ ಚುಚ್ಚಿ ಪೆಟ್ಟಿಗೆಯಲ್ಲಿಟ್ಟರೆ ಇಂತಹ ಪ್ರಶ್ನೆಗಳು ಹುಟ್ಟವು. ಸಂಶೋಧಕರಿಗೆ ಅಂತಹ ಸಂಗ್ರಹ ಬೇಕು, ನಿಜ. ಹದಿನಾಲ್ಕು ವರ್ಷದವರಿಗೆ ಮೊದಲು ಬೇಕಾದುದು ಜೀವಂತ ಹುಳು.

ಉಪಾಧ್ಯಾಯರಿಗೇ ಕೀಟಗಳ ಹೆಸರು ತಿಳಿಯದಿದ್ದರೆ ಹೇಗೆ ಎಂದು ಕೆಲವರು ಕೇಳಬಹುದು. ಫ್ರಾನ್ಸಿನ ಜಾನ್ ಆನ್ರಿ ಫಾಬ್ರ್ (1823–1915) ಅವರ ಜೀವನದಲ್ಲಿ ಇದಕ್ಕೆ ಉತ್ತರವಿದೆ. ಬಡ ರೈತ ಕುಟುಂಬದಿಂದ ಬಂದ ಅವರು 1840ರ ದಶಕದಲ್ಲಿ ಕಾರ್ಪಾಂತ್ರಾ ಎಂಬ ಊರಿನಲ್ಲಿ ಶಾಲಾ ಉಪಾಧ್ಯಾಯರಾಗಿದ್ದರು. ಭೂಮಾಪನವನ್ನು ಕಲಿಸಲೆಂದು ಮಕ್ಕಳನ್ನು ಕಲ್ಲುನೆಲದ ಬಯಲಿಗೆ ಕರೆದೊಯ್ದರೆ, ಅವರು ಅಳತೆಯನ್ನು ಮರೆತು ಕಲ್ಲುಗಳನ್ನೆತ್ತಿ ಏನನ್ನೋ ಹುಡುಕುತ್ತಿದ್ದರು. ಒಂದು ಬಗೆಯ ಜೇನುಹುಳು ಉರುಟು ಕಲ್ಲುಗಳ ಮೇಲೆ ಮಣ್ಣಿನ ಗೂಡು ಕಟ್ಟಿ ಜೇನು ತುಂಬಿಡುತ್ತಿತ್ತು. ಮಕ್ಕಳು ಅದನ್ನು ಹುಲ್ಲುಕಡ್ಡಿಯಿಂದ ಹೀರುತ್ತಿದ್ದರು! ಫಾಬ್ರ್ ಗದರಿಸಲಿಲ್ಲ, ಶಿಷ್ಯರಿಂದ ತಾವೂ ಕಲಿತರು. ಆ ಹುಳುವಿನ ವಿಷಯ ತಿಳಿಯಲೆಂದು ಒಂದು ತಿಂಗಳ ಸಂಬಳವನ್ನೇ ತೆತ್ತು ಪುಸ್ತಕ ಕೊಂಡರು. ಮುಂದೆ 1879ರಿಂದ 1907ರವರೆಗೆ ಕೀಟಗಳ ಬಾಳನ್ನು ಕುರಿತು ಅವರು ಪ್ರಕಟಿಸಿದ ಸಂಪುಟಗಳು ಹತ್ತು.

ಹಾವು ಚೇಳುಗಳ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಲ್ಲಿನಡಿಗೆ ಕೈ ಹಾಕಬಾರದು, ಹೆಜ್ಜೇನಿನ ಬಳಿ ಸುಳಿಯಬಾರದು ಎಂಬುದೂ ಈ ಪಾಠದ ಭಾಗವೇ.

ನನಗೆ ಹೆಚ್ಚು ಚಿಂತೆಯನ್ನುಂಟುಮಾಡುವುದು ಬೇರೊಂದು ಸಂಗತಿ. ನಾನು ಕಂಡ ಒಂದು ಶಾಲೆಯಲ್ಲಿ ಸ್ವಚ್ಛತೆಯ ಹೆಸರಿನಲ್ಲಿ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿ, ಬೇಲಿಯ ಗಿಡಗಳನ್ನು ಕಡಿಸಿದ್ದರು. ಒಳಗೆ ಗೋಡೆಯ ಮೇಲೆ ಕೀಟಗಳ ಬಣ್ಣದ ಪಟ ತೂಗುತ್ತಿತ್ತು! ಅಂಗಳವೆಲ್ಲವೂ ಹಾಳುಬೀಳಲಿ ಎಂದು ನಾನು ಹೇಳುತ್ತಿಲ್ಲ. ಸೂರಿನ ಕೆಳಗೆ ಎರಡಡಿ ಅಗಲದ ಮಣ್ಣಿನ ಪಟ್ಟಿ, ಬೇಲಿಯ ಬದಿಗೆ ಒಂದಷ್ಟು ಕಳೆಗಿಡ: ಇಷ್ಟನ್ನು ಶಾಲೆಯವರು ಬಿಟ್ಟುಕೊಟ್ಟರೆ ಸಾಕು. ಇರುವೆ ಸಿಂಹದ ಕೆಲವು ಜಾತಿಗಳು ಮರಿಹುಳುವಾಗಿಯೇ ಎರಡು ಮೂರು ವರ್ಷ ಕಳೆಯುತ್ತವೆ. ಎಂಟನೆಯ ತರಗತಿಗೆ ಬಂದವನು ಮೊದಲ ದಿನ ಕಂಡ ಹುಳು, ಅವನು ಹತ್ತನೆಯ ತರಗತಿಯನ್ನು ಮುಗಿಸುವ ವೇಳೆಗೆ ಅದೇ ಧೂಳಿನಿಂದ ರೆಕ್ಕೆ ಬಿಚ್ಚಿ ಏಳಬಹುದು.